ಹತ್ತನೆಯ ವರ್ಗಕ್ಕೆ ಬರುವ ಪಾಠ

ಹಂಡೆಯಿಂದ ಬಿಸಿನೀರು ತೋಡಿ ಕೊಡಕ್ಕೆ ಸುರಿಯುತ್ತಿದ್ದ ರೂಪಾಲಿ ಚರಿಗೆಯನ್ನು ಅರ್ಧಕ್ಕೇ ಕೆಳಗಿಟ್ಟು ಗೋಡೆ ಹಿಡಿದು ನಿಂತಳು. ಕಾಲಿನಗುಂಟ ಏನೋ ಬೆಚ್ಚಗೆ ಇಳಿದಂತಾಯಿತು. ನೀರು ಸಿಡಿದಿರಬೇಕೆಂದು ಲಂಗದ ಅಂಚಿನಿಂದ ಒರೆಸಿಕೊಂಡಳು. ಅಂಚು ಕೆಂಪಾಯಿತು.

“ರೂಪಾ, ನೀರು ತರಾಕ ಹೋದ್ಯೋ, ಬಾವಿ ತೋಡಾಕ ಹೋದ್ಯೋ?” ಒಳಗಿನಿಂದ ಸುಗಲಾಬಾಯಿ ಕೂಗಿದಳು. “ಲಗೂನ ತಾ. ಮೈ ಸೆಟಕೊಳ್ಳಾಕತ್ತದ.”

ಒಳಗೆ ಬಚ್ಚಲಿನಲ್ಲಿ ರೂಪಾಲಿಯ ಅಜ್ಜಿ ಕಸ್ತೂರಬಾಯಿಯನ್ನು ಮಣೆಯ ಮೇಲೆ ಕೂಡಿಸಿ ಹೆಂಗಸರು ಆಚೆ ಈಚೆ ಹಿಡಿದುಕೊಂಡಿದ್ದರು. ಬೆಳಕು ಹರಿಯುವ ಹೊತ್ತಿಗೆ ಪ್ರಾಣ ಹೋಗಿತ್ತು. ಲಿಂಗಾಯತರ ಮನೆಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಶಿವಪೂಜೆಗೆ ಕುಳಿತವರಂತೆ ಕುಳಿತೇ ಅವರು ಮಣ್ಣಿಗೆ ಹೋಗುತ್ತಾರೆ. ಕೈಕಾಲು ಬಿಗಿಯುವ ಮೊದಲೇ ಕಾಲು ಮಡಿಸಿ ಕೂಡಿಸಬೇಕು. ಸುಗಲಾಬಾಯಿಯ ಅವಸರ ಅದಕ್ಕೆ. ಅವಳು ಕಸ್ತೂರಬಾಯಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ತಡವಳದಲ್ಲಿ ಯಾರ ಮನೆಯಲ್ಲಿ ಸಾವಾದರೂ ಹೆಂಗಸರ ಕಡೆಯ ಯಜಮಾನಿಕೆ ಅವಳದೇ.

ರೂಪಾಲಿ ಕೊಡವನ್ನು ಬಚ್ಚಲ ಹೊಸ್ತಿಲ ಮೇಲಿಟ್ಟು ಹಿಂದೆ ಸರಿದಳು.

“ಒಳಗ ಬಾ. ನಿಮ್ಮ ಆಯಿ ಮೈಮ್ಯಾಲ ನೀನೂ ಒಂದು ಚರಿಗಿ ಹಾಕು.”

“ಆಮ್ಯಾಲ ಹಾಕ್ತೀನಿ, ದೊಡ್ಡಾಯಿ.”

“ಆಮ್ಯಾಲ ಯಾವಾಗ? ಮಣ್ಣಾದ ಮ್ಯಾಲೇನು?”

“ಬಿಡ್ರಿ ಅತ್ತಿ, ಕೂಸು ಹೆದರ್ಯದ,” ಎಂದಳು ಒಬ್ಬಳು. ನೀರು ಬೀಳುವ ಸಪ್ಪಳ ಶುರುವಾಯಿತು.

ರೂಪಾಲಿ ಹಿತ್ತಿಲಿಗೆ ಹೋದಳು. ಹಗ್ಗದ ಮೇಲೆ ಅಜ್ಜಿಯ ಹಳೆಯ ಸೀರೆ ಹರಿದು ಮಾಡಿದ ಬಟ್ಟೆಗಳು ಇನ್ನೂ ತೂಗುತ್ತಿದ್ದವು. ನಿನ್ನೆ ಸಂಜೆ ಅವಳೇ ಒಗೆದು ಹಾಕಿದ್ದು. ಒಂದನ್ನು ಎಳೆದುಕೊಂಡು ದನದ ಕೊಟ್ಟಿಗೆಯ ಹಿಂದೆ ನಿಂತು, ಅಜ್ಜಿಗೆ ಮಡಿಸಿ ಕೊಡುತ್ತಿದ್ದ ಹಾಗೆಯೇ ಮಡಿಸಿ ತಾನೂ ಇಟ್ಟುಕೊಂಡಳು. ಅವಳಿಗೆ ಈ ರಕ್ತದ ಗುರುತಿತ್ತು. ಅಜ್ಜಿಗೂ ಹೀಗೇ ಆಗಿತ್ತು. ಮೊದಲು ಸೀರೆಯ ಅಂಚಿನಷ್ಟು, ಆಮೇಲೆ ಬಟ್ಟೆಯಷ್ಟು, ಕೊನೆಗೆ ಹಾಸಿಗೆಯಷ್ಟು.

ಆಯಿಯದು ತನಗೆ ಹತ್ತಿತು. ಅಳು ಬರಲಿಲ್ಲ. ತಾನೆಂದು ಹೋಗುವುದೋ, ಇವತ್ತೋ, ಇನ್ನೂ ಸ್ವಲ್ಪ ತಡೆದೋ ಎಂಬುದೊಂದೇ ತಲೆಯಲ್ಲಿ ಸುತ್ತತೊಡಗಿತು.

*

ಕಸ್ತೂರಬಾಯಿ ಮಹಾರಾಷ್ಟ್ರದ ಗಡಿಯೊಳಗಿನ ಈ ಊರಿನ ಕನ್ನಡ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಊರಿಗೆಲ್ಲ ಅವಳು ಅಕ್ಕಾರು. ರೂಪಾಲಿಯ ತಾಯಿ ತೊಗರಿ ಹೊಲದಲ್ಲಿ ಹಾವು ಮುಟ್ಟಿ ಹೋದ ಮೇಲೆ, ತಂದೆ ಯೋಗಿರಾಜ ಸೋಲಾಪುರದಾಚೆ ಚಿಂಚೋಳಿ ಎಂಐಡಿಸಿಯ ಕಾರಖಾನೆಗಳ ನಡುವಿನ ಗೋದಾಮೊಂದರಲ್ಲಿ ಕೆಲಸ ಹಿಡಿದು ಅಲ್ಲೇ ಖೋಲಿ ಮಾಡಿಕೊಂಡ. ಕೂಸು ಅಜ್ಜಿಯ ಮಗ್ಗುಲಲ್ಲಿ ಬೆಳೆಯಿತು.

ಹೋದ ವರ್ಷ ಶ್ರಾವಣದ ಸುಮಾರಿಗೆ ಕಸ್ತೂರಬಾಯಿಗೆ, ಎಂದೋ ನಿಂತುಹೋಗಿದ್ದ ರಕ್ತ ಮತ್ತೆ ಕಾಣಿಸಿಕೊಂಡಿತು. ಅದರ ಅರ್ಥ ಅವಳಿಗೆ ಗೊತ್ತಿತ್ತು. ಮಾರನೆಯ ದಿನವೇ ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಹೋದಳು. ಬಸ್ಸಿನ ತುಂಬ ಅಲ್ಲಿಯ ಸ್ವಾಮಿಗಳ ಗುಡಿಗೆ ಹೊರಟವರು. ಸ್ಟ್ಯಾಂಡಿನ ಎದುರಿಗೇ ಓಂಕಾರ ಡಾಕ್ಟರ ದವಾಖಾನೆ. ಓಂಕಾರ ಅವಳ ಶಿಷ್ಯ. ಬಾಗಿಲಲ್ಲಿ ಅವಳನ್ನು ಕಂಡೊಡನೆ ಕುರ್ಚಿಯಿಂದ ಎದ್ದು ಬಂದು ಕಾಲು ಮುಟ್ಟಿದ.

“ಅಕ್ಕಾರ, ನೀವು ಪಾಳೀಲಿ ಯಾಕ ಕುಂತ್ರಿ? ಒಳಗ ಬರ್ರಿ. ಏನು ತ್ರಾಸ ಅದ?”

ಕಸ್ತೂರಬಾಯಿ ಅವನ ಮುಖ ನೋಡಿದಳು. ಎಂಟನೆಯ ವರ್ಗದಲ್ಲಿ ಮೂಗು ಸುರಿಸುತ್ತ ಮೊದಲ ಬಾಕಿನ ಮೇಲೆ ಕೂಡುತ್ತಿದ್ದ ಹುಡುಗ.

“ಮೊಣಕಾಲು,” ಎಂದಳು.

ಅವನು ಮೊಣಕಾಲಿಗೆ ಗುಳಿಗೆ ಬರೆದುಕೊಟ್ಟ. ಅವಳು ಗುಳಿಗೆ ನುಂಗುತ್ತ ದೀಪಾವಳಿ ಕಳೆದಳು, ಸಂಕ್ರಾಂತಿ ಕಳೆದಳು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕುಸಿದು ಬಿದ್ದಾಗ ಯೋಗಿರಾಜ ಬಂದು ಸೋಲಾಪುರದ ದೊಡ್ಡ ದವಾಖಾನೆಗೆ ಒಯ್ದ. ಗರ್ಭಚೀಲದ ಬಾಯಿಯ ಕ್ಯಾನ್ಸರ್, ಕೈ ಮೀರಿದೆ, ಮನೆಗೆ ಒಯ್ಯಿರಿ ಎಂದರು. ಊರಿಗೆ ಬಂದು ಎಲ್ಲರಿಗೂ ಹೊಟ್ಟೆಬೇನೆ ಎಂದು ಹೇಳಿದರು. ಹೆಂಗಸರು ಒಬ್ಬರಿಗೊಬ್ಬರು ಪಿಸುಗುಟ್ಟಿಕೊಂಡರು. ಗಂಡಸರು ಕೇಳಲಿಲ್ಲ.

ಬಟ್ಟೆ ಒಗೆಯುವ ಕೆಲಸ ರೂಪಾಲಿಗೆ ಬಂತು. ಸಾಲೆ ಬಿಟ್ಟು ಬಂದೊಡನೆ ಹಿತ್ತಿಲ ಕಲ್ಲಿನ ಮೇಲೆ ಕುಳಿತು ತಿಕ್ಕುತ್ತಿದ್ದಳು. ಒಮ್ಮೆ ಸುಗಲಾಬಾಯಿ ಬೇಲಿಯಾಚೆಯಿಂದ ನೋಡಿ, “ಬರಿಗೈಲೆ ಮುಟ್ಟಬ್ಯಾಡ ಹುಡುಗಿ, ಹತ್ತಿಗಿತ್ತೀತು,” ಎಂದು ಹೋದಳು.

ಅಂದು ಸಂಜೆ ರೂಪಾಲಿ ಕೇಳಿದಳು, “ಆಯಿ, ಈ ರಕ್ತ ಎಲ್ಲಿಂದ ಬರ್ತದ? ಯಾಕ ಬರ್ತದ?”

ಕಸ್ತೂರಬಾಯಿ ಗೋಡೆಗೆ ಒರಗಿ ಮೊಮ್ಮಗಳನ್ನು ನೋಡಿದಳು. ಹುಡುಗಿ ಎತ್ತರವಾಗಿದ್ದಳು, ಏಳನೆಯ ವರ್ಗ, ಹನ್ನೆರಡು ತುಂಬಿತ್ತು.

“ಬಾ, ಇಲ್ಲೇ ಕುಂಡ್ರು,” ಎಂದಳು. ರೂಪಾಲಿ ಕುಳಿತಳು. ಅಜ್ಜಿ ಅವಳ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ತುಟಿ ಅಲುಗಿತು. ಎಂದೋ ಒಮ್ಮೆ ಒಂದು ವರ್ಗದ ತುಂಬ ಹುಡುಗಿಯರಿಗೆ ನಿಸ್ಸಂಕೋಚವಾಗಿ ಹೇಳಿದ ಮಾತು. ಆದರೆ ಆಮೇಲಿನ ಎಷ್ಟೋ ವರ್ಷ ಅದೇ ಮಾತು ಬಂದಾಗಲೆಲ್ಲ ಹಾಳೆ ತಿರುವಿ ಮುಂದೆ ಹೋಗಿದ್ದಳು. ನಾಲಿಗೆಗೆ ಈಗ ಹಾಳೆ ತಿರುವುವುದೇ ರೂಢಿಯಾಗಿತ್ತು.

“ಪರೀಕ್ಷಾ ಮುಗೀಲಿ. ಆಮ್ಯಾಲ ಎಲ್ಲಾ ಹೇಳ್ತೀನಿ.”

ಪರೀಕ್ಷೆಗೆ ಇನ್ನೂ ಒಂದು ವಾರವಿರುವಾಗಲೇ, ಈ ಬೆಳಿಗ್ಗೆ, ಅವಳ ಪ್ರಾಣ ಹೋಗಿತ್ತು.

*

“ಮಣ್ಣು ಎಷ್ಟಕ್ಕ ಅದ್ರಿ?”

“ನಾಕಕ್ಕ. ಹೊಲದಾಗ ಕುಣಿ ತೋಡಾಕತ್ಯಾರ. ಮಠದ ಅಪ್ಪಾರು ಬರಬೇಕು.”

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಶಾಮಿಯಾನದ ನೆರಳು ಬಿದ್ದಿತ್ತು. ಪಡಸಾಲೆಯಲ್ಲಿ ಕಸ್ತೂರಬಾಯಿ ಹೊಸ ಇಳಕಲ್ ಸೀರೆ ಉಟ್ಟು, ಹಣೆಯ ತುಂಬ ವಿಭೂತಿ ಬಳಿದುಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು ಗೋಡೆಗೆ ಒರಗಿ ಕುಳಿತಿದ್ದಳು. ಭಜನೆಯವರು ತಾಳ ತಟ್ಟುತ್ತಿದ್ದರು. ಗಂಡ ಶಾಂತಲಿಂಗಪ್ಪ ಅವಳ ಎದುರಿಗೇ ಕಂಬಳಿಯ ಮೇಲೆ ಕುಳಿತು, ಬಂದವರಿಗೆಲ್ಲ ಕೈ ಮಾತ್ರ ಎತ್ತುತ್ತಿದ್ದ.

ಬೇವಿನ ಗಿಡದ ಕೆಳಗೆ ಹಳೆಯ ವಿದ್ಯಾರ್ಥಿಗಳು ಸೇರಿದ್ದರು. ಊರಲ್ಲಿ ಮೋಟಾರ್‌ಸೈಕಲ್ ರಿಪೇರಿ ಮಾಡುವ ರೇವಣ್ಣ ಅಂಗೈ ತೋರಿಸಿ ಹೇಳುತ್ತಿದ್ದ, “ಅಕ್ಕಾರು ಛಡಿಲೆ ಹೊಡದ ಬಾಸುಂಡಿ ಇನ್ನೂ ಅದ ನೋಡ್ರಿ ಇಲ್ಲಿ. ಹೃದಯದ ಚಿತ್ರ ಉಲ್ಟಾ ತಗದಿದ್ದೆ.”

“ನಿನ್ನ ಹೃದಯ ಉಲ್ಟಾನ ಅದ ಬಿಡೋ.”

“ಒಂದ ಪಾಠ ಮಾತ್ರ ಕಲಿಸಲಿಲ್ಲ ನೋಡು. ಹತ್ತನೇತ್ತಾಗ ಕಡೀಕ ಬರ್ತದಲ್ಲ, ಅದು. ‘ಮನ್ಯಾಗ ಓದ್ಕೋರಿ’ ಅಂದ್ರು. ನಾವು ಅಕ್ಕಲಕೋಟ ಸ್ಟ್ಯಾಂಡಿನ್ಯಾಗ ಪುಸ್ತಕ ತಗೊಂಡು ಓದಿದ್ವಿ.”

ಸುತ್ತಲಿದ್ದವರು ಬಾಯಿಗೆ ವಲ್ಲಿ ಅಡ್ಡ ಹಿಡಿದು ನಕ್ಕರು. “ಹುಡಿಗ್ಯಾರು ಎಲ್ಲಿ ಓದಿದ್ರು?” ಎಂದು ಒಬ್ಬ ಕೇಳಿದ.

“ಅವ್ರಿಗೆ ಯಾಕ ಬೇಕು? ಮದುವಿ ಆದ ಮ್ಯಾಲ ಗಂಡ ಕಲಸ್ತಾನ.”

ಅವರ ಹಿಂದೆಯೇ ಕುರ್ಚಿಯಲ್ಲಿ ಧರ್ಮರಾಜ ಸರ್ ಕುಳಿತಿದ್ದರು. ಹಿಂದೆ ಹೈಸ್ಕೂಲಿನ ಮುಖ್ಯಾಧ್ಯಾಪಕರು. ಈಗ ಸಾಲೆ ನಡೆಸುವ ಸೋಲಾಪುರದ ವ್ಯಾಪಾರಸ್ಥರ ಸಂಸ್ಥೆಯ ಕಾರ್ಯದರ್ಶಿ. ಅವರು ಕೆಮ್ಮಿದರು. ನಗು ನಿಂತಿತು. ಅವರು ಹೇಳಿಸುತ್ತಿದ್ದ ಶ್ರದ್ಧಾಂಜಲಿಯನ್ನು ಮನೀಷಾ ಟೀಚರ್ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಿದ್ದಳು. ಅವಳೂ ಅಕ್ಕಾರ ಶಿಷ್ಯೆ. ಅಕ್ಕಾರು ನಿವೃತ್ತರಾದಾಗ ಆ ಜಾಗಕ್ಕೆ ಬಂದವಳು.

“ಶಿಸ್ತು ಅಂತ ಹಾಕ್ರಿ,” ಎಂದರು ಧರ್ಮರಾಜ. “‘ಸರಕಾರದ ಒಂದು ಆದೇಶವನ್ನೂ ಎಂದೂ ಮೀರಿದವರಲ್ಲ’ ಅಂತ ಹಾಕ್ರಿ. ಕುಣಿ ಮುಂದ ನೀವ ಓದ್ರಿ. ಹೆಣ್ಮಕ್ಕಳ ಬಾಯಿಲೆ ಕೇಳಾಕ ಚಂದ.”

ಮನೀಷಾ ಬರೆದಳು.

ಅವಳು ನೀರು ಕುಡಿಯಲು ಹಿತ್ತಿಲ ಕಡೆ ಬಂದಾಗ ರೂಪಾಲಿ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಿದ್ದಳು. ಮುಖ ಬೆಳ್ಳಗಾಗಿತ್ತು.

“ಉಂಡಿಲ್ಲೇನವ್ವ? ಬಾ, ಒಂದೀಟು ಚಾ ಆದ್ರೂ ಕುಡಿ.”

“ಬ್ಯಾಡ್ರಿ ಟೀಚರ.” ಹುಡುಗಿ ನೆಲ ನೋಡುತ್ತ ಕೇಳಿದಳು, “ಆಯಿಗೆ ಏನಾಗಿತ್ರಿ?”

“ಕ್ಯಾನ್ಸರವ್ವ.”

“ಎಲ್ಲಿ?”

ಮನೀಷಾ ಅಂಗಳದ ಕಡೆಗೊಮ್ಮೆ ನೋಡಿದಳು. “ಹೊಟ್ಯಾಗ.”

“ಹೊಟ್ಯಾಗ ಆದ್ರ ಕೆಳಗ ಯಾಕ ರಕ್ತ ಹೋಗ್ತದ್ರಿ? ಅದು ಒಬ್ಬರದು ಒಬ್ಬರಿಗೆ ಹತ್ತತದೇನ್ರಿ?”

ಎರಡನೆಯ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಿತ್ತು. ಆದರೆ ಮೊದಲನೆಯದನ್ನು ದಾಟಿಯೇ ಅದಕ್ಕೆ ಹೋಗಬೇಕು. ಬೇವಿನ ಗಿಡದ ಕೆಳಗಿನಿಂದ ಧರ್ಮರಾಜ ಸರ್ ಇತ್ತಲೇ ನೋಡುತ್ತಿದ್ದಂತೆ ಮನೀಷಾಗೆ ಕಂಡಿತು.

“ಅವೆಲ್ಲ ನಿನಗ ಮುಂದ ಕಲಸ್ತೀವಿ. ಹತ್ತನೇತ್ತಾಗ ಆ ಪಾಠ ಬರ್ತದ. ಈಗ ದೇವರ ಧ್ಯಾನ ಮಾಡು,” ಎಂದು ತಲೆ ಸವರಲು ಕೈ ಚಾಚಿದಳು.

ರೂಪಾಲಿ ತಟ್ಟನೆ ತಲೆ ತಪ್ಪಿಸಿಕೊಂಡಳು. “ಮುಟ್ಟಬ್ಯಾಡ್ರಿ ಟೀಚರ.”

ದುಃಖದಲ್ಲಿರುವ ಮಕ್ಕಳು ಹೀಗೇ ಮಾಡುತ್ತಾರೆಂದು ಮನೀಷಾ ಹೊರಟುಹೋದಳು. ಹತ್ತನೆಯ ವರ್ಗ, ಎಂದು ರೂಪಾಲಿ ಲೆಕ್ಕ ಹಾಕಿದಳು. ಅಲ್ಲಿಯತನಕ ತಾನು ಇರುವುದಿಲ್ಲ.

*

ಮನೀಷಾ ಎಂಟನೆಯ ವರ್ಗದಲ್ಲಿದ್ದ ವರ್ಷ ಕಸ್ತೂರಬಾಯಿಯನ್ನು ಸೋಲಾಪುರಕ್ಕೆ ತರಬೇತಿಗೆ ಕರೆದಿದ್ದರು. ಹರೆಯಕ್ಕೆ ಬರುವ ಮಕ್ಕಳಿಗೆ ಅವರ ಮೈಯ ವಿಷಯ ತಿಳಿಸಬೇಕು ಎಂಬ ಸರಕಾರದ ಹೊಸ ಕಾರ್ಯಕ್ರಮ. ಬರುವಾಗ ಸುರುಳಿ ಸುತ್ತಿದ ಚಿತ್ರಪಟಗಳನ್ನು ಕಂಕುಳಲ್ಲಿ ಹಿಡಿದುಕೊಂಡು ಬಸ್ಸಿಳಿದಳು. ಮರುದಿನ ಹುಡುಗರನ್ನು ಖೋಖೋ ಆಡಲು ಕಳಿಸಿ, ಕೋಣೆಯ ಬಾಗಿಲು ಹಾಕಿ, ಪಟವನ್ನು ಕರಿಹಲಗೆಗೆ ತೂಗುಹಾಕಿದಳು. ಹುಡುಗಿಯರು ತಲೆ ತಗ್ಗಿಸಿದರು.

“ಮ್ಯಾಲ ನೋಡ್ರಿ. ಇದು ಹೊಲಸಲ್ಲ. ನೀವು ಹುಟ್ಟಿ ಬಂದ ಮನಿ ಇದು.”

ಕೋಲಿನಿಂದ ಒಂದೊಂದೇ ತೋರಿಸುತ್ತ ಹೇಳುತ್ತ ಹೋದಳು. ಕೊನೆಯ ಬಾಕಿನಿಂದ ಮನೀಷಾ ಕೈ ಎತ್ತಿದಳು. ಅವಳಿಗೆ ಎರಡು ದಿನದ ಹಿಂದೆ ರಕ್ತ ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಅನ್ನ ಬಿಟ್ಟಿದ್ದಳು.

“ಅಕ್ಕಾರ, ಹಂಗಾದ್ರ ನಾ ಸಾಯೂದಿಲ್ಲೇನ್ರಿ?”

ಇಡೀ ವರ್ಗ ನಕ್ಕಿತು. ಕಸ್ತೂರಬಾಯಿಯೂ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಸಾಯ್ತಿ. ಎಂಬತ್ತು ಆದ ಮ್ಯಾಲ. ಹೋಗು, ಮೊದಲ ಮನಿಗೆ ಹೋಗಿ ಎರಡು ಭಕ್ರಿ ಉಣ್ಣು.”

ಆ ಪಟ ಮತ್ತೊಮ್ಮೆ ಹಲಗೆಗೆ ಏರಲಿಲ್ಲ. ಆ ಬೇಸಿಗೆಯಲ್ಲಿ ಮುಂಬಯಿಯ ವಿಧಾನಸಭೆಯಲ್ಲಿ ಗದ್ದಲವಾಯಿತು. ಇಂಥವು ನಮ್ಮ ಸಂಸ್ಕೃತಿಯಲ್ಲ, ಮಕ್ಕಳು ಕೆಡುತ್ತಾರೆ ಎಂದು ಮಂತ್ರಿಗಳೂ ವಿರೋಧ ಪಕ್ಷದವರೂ ಒಂದೇ ಬಾಯಿಂದ ಹೇಳಿದರು. ಸರಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಕಾಗದ ಮರಾಠಿಯಲ್ಲಿ ಬಂತು. ಧರ್ಮರಾಜ ಸರ್ ಅದನ್ನು ಎರಡು ಸಲ ಓದಿ ಕಸ್ತೂರಬಾಯಿಯನ್ನು ಕರೆಸಿದರು.

“ಅಕ್ಕಾರ, ಚಿತ್ರಪಟ ತಗದಿಡ್ರಿ. ಸರಕಾರದ ಹುಕುಂ, ಜೀಆರ್ ಬಂದದ.”

“ತಗದಿಡ್ತೀನ್ರಿ ಸರ. ಪುಸ್ತಕದಾಗಿನ ಪಾಠ ಕಲಸ್ತೀನಿ.”

“ಅದೂ ಬ್ಯಾಡ್ರಿ.”

“ಪುಸ್ತಕ ಬಂದ್ ಅಂತ ಜೀಆರ್‌ನಾಗ ಎಲ್ಲೂ ಇಲ್ಲಲ್ರಿ.”

“ಇಲ್ಲ, ಖರೇ ಅದ. ಆದ್ರ ಸಂಸ್ಥಾದವರು ಸೋಲಾಪುರದಿಂದ ಫೋನ್ ಹಚ್ಚಿದ್ರು. ಚಿತ್ರ ಬ್ಯಾಡ ಅಂದವರು ಮಾತು ಬೇಕು ಅಂತಾರೇನ್ರಿ? ಮನ್ಯಾಗ ಓದ್ಕೋರಿ ಅಂತ ಹೇಳಿ ಮುಂದ ಹೋಗ್ರಿ.”

“ಮನ್ಯಾಗ ಯಾರು ಹೇಳ್ತಾರ ಸರ, ಆ ಹುಡಿಗ್ಯಾರಿಗೆ?”

ಧರ್ಮರಾಜ ನಕ್ಕರು. ಕೆಟ್ಟ ಮನುಷ್ಯನಲ್ಲ ಅವರು; ಬಸವಜಯಂತಿಗೆ ತಾವೇ ಪೊರಕೆ ಹಿಡಿದು ಸಾಲೆಯ ಅಂಗಳ ಗುಡಿಸುವವರು. “ನಮ್ಮವ್ವಗ ಯಾರು ಹೇಳಿದ್ರು? ನಾ ಹುಟ್ಟಲಿಲ್ಲೇನು?”

ಮನೆಯಲ್ಲಿ ಸುಗಲಾಬಾಯಿ ವಾರಗಟ್ಟಲೆ ಮಾತು ಬಿಟ್ಟಳು. “ಹುಡಿಗ್ಯಾರಿಗೆ ಏನೇನೋ ತೋರಿಸ್ತಾಳಂತ. ಬಾವಿ ಕಟ್ಟಿ ಮ್ಯಾಲ ನಮ್ಮ ಮಾರಿ ಎತ್ತದಂಗ ಆಗ್ಯದ,” ಎಂದು ಗೋಡೆಗೆ ಹೇಳಿದಳು. ಶಾಂತಲಿಂಗಪ್ಪ ಊಟದ ನಡುವೆ ಒಂದೇ ಮಾತು ಆಡಿದ, “ಬಿಡು ಕಸ್ತೂರಿ. ಸರಕಾರನ ಬ್ಯಾಡ ಅಂದ ಮ್ಯಾಲ ನಿನಗ್ಯಾಕ?”

ಆ ವರ್ಷ ಹತ್ತನೆಯ ವರ್ಗದಲ್ಲಿ ಆ ಪಾಠ ಬಂದಾಗ ಕಸ್ತೂರಬಾಯಿ ಕಿಟಕಿಯ ಹೊರಗೆ ನೋಡುತ್ತ, “ಇದನ್ನ ಮನ್ಯಾಗ ಓದ್ಕೋರಿ,” ಎಂದಳು. ಎದೆ ಹೊಡೆದುಕೊಂಡಿತು. ಮರುವರ್ಷ ಅಷ್ಟು ಹೊಡೆದುಕೊಳ್ಳಲಿಲ್ಲ. ಚಿತ್ರಪಟಗಳ ಹಿಂದಿನ ಬಿಳಿ ಬದಿ ಚೆನ್ನಾಗಿತ್ತು. ಸ್ನೇಹಸಮ್ಮೇಳನಕ್ಕೆ ಅದರ ಮೇಲೆ ದೊಡ್ಡಕ್ಷರದಲ್ಲಿ ‘ಸುಸ್ವಾಗತ’ ಎಂದು ಬರೆದು ಗೇಟಿಗೆ ಕಟ್ಟಿದರು. ಅಕ್ಷರ ಕಸ್ತೂರಬಾಯಿಯದೇ. ಸಾಲೆಯಲ್ಲಿ ಅವಳ ಕೈಬರಹವೇ ಚಂದ.

ಆಮೇಲೆ ಕಾಲ ತಿರುಗಿತು. ಮಕ್ಕಳ ಮೈಗೆ ಕೈ ಹಾಕುವವರನ್ನು ಹಿಡಿಯಲು ಕಾನೂನು ಬಂತು, ಅದರ ಹಿಂದೆ ಸುತ್ತೋಲೆಗಳು ಬಂದವು. ವರ್ಷಕ್ಕೊಮ್ಮೆ ಸೋಲಾಪುರದಿಂದ ಒಬ್ಬರು ಬಂದು, ಕನ್ನಡ ಮಕ್ಕಳೆದುರು ಮರಾಠಿಯಲ್ಲಿ, ಯಾರು ಎಲ್ಲಿ ಮುಟ್ಟಬಾರದು ಎಂಬುದನ್ನು ಅರ್ಧ ತಾಸು ಹೇಳಿ ಹೋಗುತ್ತಾರೆ. ಮನೀಷಾ ಟೀಚರ್ ಫೋಟೋ ತೆಗೆದು ಕಚೇರಿಗೆ ಕಳಿಸುತ್ತಾಳೆ. ಈ ವರ್ಷದ ಫೋಟೋದಲ್ಲಿ ರೂಪಾಲಿ ಎರಡನೆಯ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದಾಳೆ. ಆ ಅರ್ಧ ತಾಸಿನಲ್ಲಿ ರಕ್ತದ ಮಾತು ಬರಲಿಲ್ಲ. ಸುತ್ತೋಲೆಯಲ್ಲಿ ಅದು ಇರಲಿಲ್ಲ. ಸಂಸ್ಥೆಯೂ ತನ್ನದೊಂದು ನಿಯಮ ಮಾಡಿತು: ಯಾವ ಶಿಕ್ಷಕರೂ ಇಂಥ ವಿಷಯವನ್ನು ಮಗುವಿನೊಡನೆ ಒಬ್ಬರೇ ಆಡಬಾರದು, ಪಾಲಕರ ಸಹಿ ಇಲ್ಲದೆ ಆಡಲೇಬಾರದು.

*

ಅಪ್ಪಾರು ಬಂದರು. ಹಿರೇಮಠದ ವೃದ್ಧ ಸ್ವಾಮಿಗಳು. ಭಜನೆ ನಿಂತಿತು. ಬಾಳೆಕಂಬ, ಚೆಂಡುಹೂ ಕಟ್ಟಿದ, ಹೆಣ ಕೂಡಿಸಿ ಹೊರುವ ವಿಮಾನ ಅಂಗಳಕ್ಕೆ ಬಂತು. ಹೊರಡುವ ಮೊದಲು ಮನೆಯವರು ಒಬ್ಬೊಬ್ಬರಾಗಿ ಸತ್ತವಳ ಕೈಯಲ್ಲಿದ್ದ ಲಿಂಗಕ್ಕೆ ಪತ್ರಿ ಏರಿಸಿ ನಮಸ್ಕಾರ ಮಾಡಬೇಕು.

ಶಾಂತಲಿಂಗಪ್ಪ ಹೇಳಿದ, “ಮೊದಲ ಪತ್ರಿ ರೂಪಾನ ಕೈಲೆ ಹಾಕಸ್ರಿ. ಅಕೀ ಸಲುವಾಗೇ ಇಷ್ಟು ದಿವಸ ಜೀವ ಹಿಡದಿದ್ಲು.”

ರೂಪಾಲಿಯನ್ನು ಕರೆತಂದು ಕೈಗೆ ಬಿಲ್ವದ ಎಲೆ ಕೊಟ್ಟರು. ಇದೊಂದನ್ನು ಮಾಡಬೇಕೆಂದು ಅವಳಿಗೂ ಇತ್ತು. ಮುಟ್ಟದೆ ಹಾಕಿದರೆ ಆದೀತು. ಆಯಿಗೆ ಹೇಗೂ ಇನ್ನು ಹತ್ತುವುದು ಏನೂ ಇಲ್ಲ. ಪಡಸಾಲೆಯ ಮಂದಿಯ ನಡುವೆ ಅವಳು ಎರಡು ಹೆಜ್ಜೆ ಮುಂದೆ ಹೋಗಿ ಬಾಗಿದಳು. ಹಿಂದೆ ನಿಂತಿದ್ದ ಸುಗಲಾಬಾಯಿಯ ಕಣ್ಣು ಲಂಗದ ಮೇಲೆ ಬಿತ್ತು.

ಸುಗಲಾಬಾಯಿ ಅವಳ ತೋಳು ಹಿಡಿದಳು. ಸೆರಗು ಬಿಚ್ಚಿ ಹುಡುಗಿಯ ಹಿಂದೆ ಅಡ್ಡ ಹಿಡಿದು, ಅಡುಗೆಮನೆ ದಾಟಿಸಿ ಹಿತ್ತಿಲಿಗೆ ಎಳೆದುಕೊಂಡು ಹೋದಳು. ಎಲೆ ಪಡಸಾಲೆಯಲ್ಲೇ ಬಿತ್ತು.

“ಎಷ್ಟೊತ್ತಿಗೆ ಆತು?”

“ಮುಂಜಾನಿ.”

“ಮುಂಜಾನಿಂದ ಮನಿ ತುಂಬ ತಿರಗ್ಯಾಡಿ? ಲಿಂಗದ ಮುಂದ ನಿಂತಿ? ಇವತ್ತ ಆಗಬೇಕಾಗಿತ್ತ ನಿನಗ, ಮೊದಲನೇದು, ಹೆಣ ಮನ್ಯಾಗ ಇರೂಮುಂದ?”

ರೂಪಾಲಿ ಅವಳ ಮುಖವನ್ನೇ ನೋಡಿದಳು. ದೊಡ್ಡಾಯಿಗೆ ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ಅವಳು ಹೆದರಿದಂತೆ ಕಂಡಳು. ಅದನ್ನು ಕಂಡು ಹುಡುಗಿಗೆ ಉಳಿದಿದ್ದ ಅನುಮಾನವೂ ಹೋಯಿತು.

“ಆಯಿಗೆ ಆಗಿದ್ದ ಇದೂ, ಹೌದಿಲ್ಲ?”

“ಹೌದು, ಅಕಿಗೂ ಆಗಿತ್ತು. ಬಾಯಿ ಮುಚ್ಚು.” ಸುಗಲಾಬಾಯಿ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಟ್ಟು ಹಾಸಿ, ಒಂದು ಹಳೆಯ ತಂಬಿಗೆಯಲ್ಲಿ ನೀರು ಇಟ್ಟಳು. “ಇಲ್ಲೇ ಕುಂಡ್ರು. ಯಾರನ್ನೂ ಮುಟ್ಟಬ್ಯಾಡ, ಯಾರಿಗೂ ಹೇಳಬ್ಯಾಡ. ನಿಮ್ಮಪ್ಪಗೂ ಹೇಳಬ್ಯಾಡ. ಮಣ್ಣು ಮಾಡಿ ಬಂದ ಮ್ಯಾಲ ನೋಡೂಣು.”

ಪಡಸಾಲೆಯಲ್ಲಿ ಅಪ್ಪಾರು ಕೇಳಿದರು, “ಕೂಸು ಎಲ್ಲಿ ಹೋತು?”

“ತಲಿ ತಿರಗಿ ಬಿದ್ದಾಳ್ರಿ ಅಪ್ಪಾರ. ಮಲಗಿಸಿ ಬಂದೆ.”

ಲಿಂಗ ಕಟ್ಟಿಕೊಂಡ ಮೈಗೆ ಸೂತಕವಿಲ್ಲ ಎಂದು ಅಪ್ಪಾರು ಪ್ರತಿ ಶ್ರಾವಣದ ಪುರಾಣದಲ್ಲಿ ಹೇಳುತ್ತಿದ್ದರು. ಹೆಂಗಸರು ಮುಂದೆ ಕುಳಿತು ಕೈಮುಗಿದು ಕೇಳುತ್ತಿದ್ದರು. ಈಗಲೂ ಒಬ್ಬರು ಬಾಯಿ ಬಿಟ್ಟು ಹೇಳಿದ್ದರೆ ಅವರು ತಾವೇ ಎದ್ದು ಹೋಗಿ ಹುಡುಗಿಯ ಕೈ ಹಿಡಿದು ತರುತ್ತಿದ್ದರು. ಆದರೆ ಅಂಥ ಮಾತನ್ನು ಸ್ವಾಮಿಗಳ ಮುಂದೆ ಹೇಗೆ ಎತ್ತುವುದು. ಯಾರೂ ಎತ್ತಲಿಲ್ಲ. ಅಪ್ಪಾರು ಸತ್ತವಳ ತಲೆಯ ಮೇಲೆ ಪಾದ ಇಟ್ಟು ಮಂತ್ರ ಹೇಳಿದರು.

ಮನೀಷಾ ಬಾಗಿಲ ಬಳಿ ನಿಂತು ಎಲ್ಲ ನೋಡಿದ್ದಳು. ಸೆರಗು ಅಡ್ಡ ಹಿಡಿದ ರೀತಿ ನೋಡಿದ್ದಳು. ‘ಮುಟ್ಟಬ್ಯಾಡ್ರಿ ಟೀಚರ’ ಎಂಬ ಮಾತು ಈಗ ಕಿವಿಯಲ್ಲಿ ಬೇರೆಯಾಗಿ ಕೇಳಿಸಿತು. ‘ಹತ್ತತದೇನ್ರಿ?’ ಅವಳು ಮಂದಿಯ ನಡುವೆ ದಾರಿ ಮಾಡಿಕೊಂಡು ಹಿತ್ತಿಲ ಬಾಗಿಲ ತನಕ ಬಂದಳು.

“ಟೀಚರ, ಎಲ್ಲಿ ಹೊಂಟ್ರಿ?” ಧರ್ಮರಾಜ ಸರ್ ಹಿಂದೆಯೇ ಇದ್ದರು. “ವಿಮಾನ ಎತ್ತಾಕತ್ಯಾರ. ರೇವಣ್ಣನ ಗಾಡಿ ಮ್ಯಾಲ ನೀವು ಮುಂದ ಹೋಗ್ರಿ. ಶ್ರದ್ಧಾಂಜಲಿ ಓದಬೇಕು.”

“ಎರಡ ನಿಮಿಷ ಸರ. ಆ ಹುಡುಗಿ...”

“ಏನಾಗ್ಯದ?”

ಮನೀಷಾ ತಲೆ ತಗ್ಗಿಸಿ ಸೆರಗು ಎಳೆದುಕೊಂಡಳು. ಅವರು ಮೂರು ಹೆಣ್ಣುಮಕ್ಕಳ ತಂದೆ. ಅವರಿಗೆ ತಿಳಿಯಿತು. ಮೆಲ್ಲಗೆ, ಬಹಳ ಸೌಮ್ಯವಾಗಿ ಹೇಳಿದರು, “ಮನಿ ಹೆಣ್ಮಕ್ಕಳು ನೋಡ್ಕೋತಾರ. ಇದು ಸಾಲಿ ಅಲ್ಲ. ಸಾಲ್ಯಾಗ ಆದ್ರೂ ನಿಯಮ ಅದ. ನಾಳಿ ಯಾರರ ‘ಟೀಚರ ನಮ್ಮ ಕೂಸಿಗೆ ಏನೋ ಹೇಳಿದ್ರು’ ಅಂದ್ರ ನಾ ನಿಮ್ಮನ್ನ ಉಳಿಸಾಕ ಆಗೂದಿಲ್ಲ. ಹೇಳೂದೇ ಇದ್ರ ಅವರಪ್ಪನ ಸಹಿ ತಗೋರಿ, ಆಮ್ಯಾಲ ಹೇಳ್ರಿ.”

ಅವರಪ್ಪ ಯೋಗಿರಾಜ ಅಂಗಳದಲ್ಲಿ ವಿಮಾನದ ಮುಂದಿನ ಬೊಂಬಿಗೆ ಹೆಗಲು ಕೊಡುತ್ತಿದ್ದ. ಕಣ್ಣು, ಮೂಗು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಸಾಲೆಗೆ ಬಂದಾಗ ಹೇಳಿದರಾಯಿತು ಎಂದುಕೊಂಡಳು ಮನೀಷಾ. ದಿನಕರ್ಮ ಮುಗಿದು ಹುಡುಗಿ ಸಾಲೆಗೆ ಬರುತ್ತಾಳೆ. ಪರೀಕ್ಷೆಯ ಗಲಾಟೆಯಲ್ಲಿ ಯಾರಿಗೂ ಕಾಣದಂತೆ ಪಕ್ಕಕ್ಕೆ ಕರೆದು ಹೇಳಿದರಾಯಿತು. ಅವಳು ರೇವಣ್ಣನ ಗಾಡಿ ಹತ್ತಿದಳು. ಹೊಲದಲ್ಲಿ, ಕುಣಿಯ ಅಂಚಿಗೆ ನಿಂತು, ‘ಸರಕಾರದ ಒಂದು ಆದೇಶವನ್ನೂ ಎಂದೂ ಮೀರಿದವರಲ್ಲ’ ಎಂಬಲ್ಲಿಗೆ ಬಂದಾಗ ಅವಳು ಕಾಗದ ಇಳಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಷ್ಟು ಪ್ರೀತಿ ಅಕ್ಕಾರ ಮೇಲೆ ಎಂದು ಜನ ಮಾತಾಡಿಕೊಂಡರು.

*

ತಾಳದ ಸಪ್ಪಳ ಊರ ಅಗಸಿ ಬಾಗಿಲು ದಾಟಿತು. ಮನೆಯಲ್ಲಿ ದೊಡ್ಡವರು ಯಾರೂ ಉಳಿಯಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆಯೊಂದು ಮೆಲುಕು ಹಾಕುತ್ತ ರೂಪಾಲಿಯನ್ನು ನೋಡುತ್ತಿತ್ತು. ಅವಳ ಕೆಳಹೊಟ್ಟೆ ಹಿಂಡಿ ಹಿಂಡಿ ಬರುತ್ತಿತ್ತು. ಆಯಿಯೂ ಕೊನೆಯ ದಿನಗಳಲ್ಲಿ ಹೀಗೇ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

ಹಿತ್ತಿಲ ಬಾಗಿಲಲ್ಲಿ ಸೋಮಿ ಕಾಣಿಸಿಕೊಂಡಳು. ಸುಗಲಾಬಾಯಿಯ ಮರಿಮಗಳು, ಐದು ವರ್ಷ; ಹಿರಿಯಳೊಬ್ಬಳ ಹೆಸರಿಟ್ಟು ಸೋಮವ್ವ ಎಂದು ಕರೆದಿದ್ದರು. ಸಣ್ಣವರು ಕುಣಿ ನೋಡಬಾರದೆಂದು ಅವಳನ್ನೂ ಬಿಟ್ಟು ಹೋಗಿದ್ದರು. ಅತ್ತು ಅತ್ತು ಮುಖವೆಲ್ಲ ಕರೆಯಾಗಿತ್ತು.

“ಅಕ್ಕಾ, ನನ್ನ ಕರಕೊಂಡು ಹೋಗಲಿಲ್ಲ.”

“ಅಲ್ಲೇ ನಿಂದ್ರು, ಸೋಮಿ. ಹತ್ರ ಬರಬ್ಯಾಡ.”

“ಯಾಕ?”

“ಸುಮ್ಮನ.”

ಸೋಮಿ ಬಾಗಿಲ ಕಟ್ಟೆಯ ಮೇಲೆ ಕುಳಿತು ಮತ್ತೆ ಬಿಕ್ಕತೊಡಗಿದಳು. ರೂಪಾಲಿ ಸ್ವಲ್ಪ ಹೊತ್ತು ಅವಳನ್ನು ನೋಡಿದಳು. ಆಮೇಲೆ ಬಾಗಿ ತನ್ನ ಕಾಲಿನ ಬೆಳ್ಳಿಯ ಗೆಜ್ಜೆಯ ಕೀಲು ಬಿಚ್ಚಿದಳು. ಅಪ್ಪ ದಸರೆಗೆ ಸೋಲಾಪುರದಿಂದ ತಂದದ್ದು. ಒಂದರ ಕೀಲು ಬಿಗಿಯಾಗಿತ್ತು, ಹಲ್ಲಿನಿಂದ ಎಳೆದಳು. ಎರಡನ್ನೂ ಬೊಗಸೆಯಲ್ಲಿಟ್ಟು ತಂಬಿಗೆಯ ನೀರಿನಿಂದ ತೊಳೆದಳು. ಸಾಲದೆನಿಸಿತು. ಒಲೆಯ ಬೂದಿ ಬಿದ್ದಿದ್ದ ಕಡೆ ಕೈ ಚಾಚಿ ಚಿಟಿಕೆ ಬೂದಿ ತೆಗೆದುಕೊಂಡು ಒಂದೊಂದೇ ಗುಂಡನ್ನು ತಿಕ್ಕಿ, ಉಳಿದ ನೀರನ್ನೂ ಸುರಿದಳು. ಕುಡಿಯಲು ಇನ್ನು ನೀರಿರಲಿಲ್ಲ. ಗೋಣಿಯ ಅಂಚಿನ ತನಕ ಸರಿದು, ನೆಲದ ಮೇಲಿಟ್ಟು, ಒಂದು ಕಟ್ಟಿಗೆಯ ತುದಿಯಿಂದ ಸೋಮಿಯ ಕಡೆಗೆ ನೂಕಿದಳು.

“ತಗೋ. ನಿನಗ.”

ಸೋಮಿಯ ಬಿಕ್ಕು ನಿಂತಿತು. “ಖರೇನ?”

“ಹೂಂ.”

“ಆಮ್ಯಾಲ ವಾಪಸ್ ಕೇಳ್ತಿ.”

“ಕೇಳೂದಿಲ್ಲ.”

ಸೋಮಿ ಗೆಜ್ಜೆಯನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು. ನೆಲದಲ್ಲೇ ಕುಳಿತು ಕಾಲಿಗೆ ತೊಟ್ಟಳು. ಅವು ದೊಡ್ಡವಾಗಿದ್ದವು, ಹಿಮ್ಮಡಿಯಿಂದ ಜಾರಿ ಬೀಳುತ್ತಿದ್ದವು. ಎರಡು ಹೆಜ್ಜೆ ಇಟ್ಟು ಸಪ್ಪಳ ಕೇಳಿದಳು. ಮತ್ತೆ ಬಗ್ಗಿ, ಜಾರದಂತೆ ಎರಡೂ ಕೈಯಿಂದ ಗೆಜ್ಜೆಗಳನ್ನು ಕಾಲಿಗೆ ಒತ್ತಿ ಹಿಡಿದುಕೊಂಡು, ಬಾತುಕೋಳಿಯ ಹಾಗೆ ಬಾಗಿಯೇ, ಝಲ್ ಝಲ್ ಎನ್ನಿಸುತ್ತ, ಖಾಲಿ ಮನೆಯೊಳಗೆ ನಗುತ್ತ ಹೋದಳು.